ಅರ್ಧ ಸಾಮ್ಯವೇ ಸಾಕಾದ ಬಗೆ

ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ತುತ್ತಾದ ವಯಸ್ಕರಲ್ಲಿ, ಕೀಮೋ ಚಿಕಿತ್ಸೆಯಿಂದ ರೋಗವು ಅಡಗಿದರೂ ಮರುಕಳಿಸುವ ಭಯ ಬಲವಾಗಿದ್ದಲ್ಲಿ, ರಕ್ತವನ್ನು ಹುಟ್ಟಿಸುವ ಆಕರಕೋಶಗಳನ್ನು (ಸ್ಟೆಮ್ ಸೆಲ್) ಅನ್ಯರಿಂದ ಪಡೆದು ಕಸಿಮಾಡುವಂತೆ ವೈದ್ಯರು ಸೂಚಿಸುವುದುಂಟು. ಆ ಕೋಶಗಳನ್ನು ಕೊಡುವವರು ಯಾರೆಂಬ ಪ್ರಶ್ನೆಗೆ ಉತ್ತರ ದೊರೆಯದೆಯೇ ಎಷ್ಟೋ ಜೀವಗಳು ಕಳೆದುಹೋದುವು. ದಾನಿಯದೂ ರೋಗಿಯದೂ ಹೊಂದಬೇಕಾದ, ಜೀವಕೋಶಗಳ ಮೇಲ್ಮೈಯಲ್ಲಿರುವ ಎಚ್‌ಎಲ್‌ಎ ಎಂಬ ಗುರುತುಗಳು ತಂದೆಯಿಂದ ಒಂದು ಕಂತೆ, ತಾಯಿಯಿಂದ ಒಂದು ಕಂತೆಯಾಗಿ ಬರುತ್ತವೆ; ಒಡಹುಟ್ಟಿದವರೊಬ್ಬರಲ್ಲಿ ಈ ಎರಡೂ ಕಂತೆಗಳು ರೋಗಿಯವುಗಳೊಡನೆ ಕೂಡಿಬರುವ ಸಂಭವ ನಾಲ್ಕರಲ್ಲಿ ಒಂದು. ಹೊರಗಿನ ದಾನಿಗಳ ನೋಂದಣಿ ಪಟ್ಟಿಗಳೋ ಎಲ್ಲರಿಗೂ ಸಮನಾಗಿ ಒದಗುವುದಿಲ್ಲ: ಅಮೆರಿಕದ ಪಟ್ಟಿಯನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೂರ್ಣ ಸಾಮ್ಯದ ದಾನಿ ಸಿಗುವ ಸಂಭವ ಯೂರೋಪ್ ಮೂಲದ ಬಿಳಿಯರಿಗೆ ಶೇ 75, ದಕ್ಷಿಣ ಮತ್ತು ಮಧ್ಯ ಅಮೆರಿಕ ಮೂಲದ ಕಪ್ಪು ಜನರಿಗೆ ಶೇ 16.

ಆದರೆ ತಾಯಿ, ತಂದೆ, ಮಕ್ಕಳು ಇವರೆಲ್ಲರೂ ರೋಗಿಯೊಡನೆ ಅರ್ಧ ಸಾಮ್ಯವುಳ್ಳವರೇ. ಹಿಂದೆ ಅವರನ್ನು ದೂರವಿಡಲು ಕಾರಣವಿತ್ತು. ದಾನಿಯ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳು ರೋಗಿಯ ದೇಹವನ್ನೇ ಪರಕೀಯವೆಂದು ಬಗೆದು ಚರ್ಮ, ಯಕೃತ್ತು, ಕರುಳುಗಳ ಮೇಲೆ ಎರಗುತ್ತಿದ್ದುವು. ಇಟಲಿಯ ಪೆರೂಜಾ ನಗರದ ವೈದ್ಯರು 1990ರ ದಶಕದಲ್ಲಿ ಟಿ-ಕೋಶಗಳನ್ನು ಶೋಧಿಸಿ ತೆಗೆದು, ಆಕರಕೋಶಗಳನ್ನು ಮಾತ್ರ ವಿಪುಲವಾಗಿ ನೀಡಿ ಈ ಆಕ್ರಮಣವನ್ನು ತಡೆದರು. ಆದರೆ ರೋಗನಿರೋಧಕ ಶಕ್ತಿ ಮರಳುವುದು ತಡವಾಗಿ, ಸೋಂಕುಗಳಿಗೆ ಅನೇಕರು ಬಲಿಯಾದರು.

ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಲಿಯೋ ಲುಜ್ನಿಕ್, ಎಫ್ರೇಮ್ ಫುಕ್ಸ್ ಮೊದಲಾದ ವೈದ್ಯರು ಹಿಡಿದ ದಾರಿ ಬೇರೆ. ಅವರು ಟಿ-ಕೋಶಗಳನ್ನು ತೆಗೆಯಲಿಲ್ಲ. ಕಸಿಯ ತರುವಾಯ ಮೂರನೆಯ ಮತ್ತು ನಾಲ್ಕನೆಯ ದಿನ ಸೈಕ್ಲೋಫಾಸ್ಫಮೈಡ್ ಎಂಬ ಹಳೆಯ, ಅಗ್ಗದ ಕೀಮೋ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರು. ಅಷ್ಟು ಹೊತ್ತಿಗೆ ರೋಗಿಯ ದೇಹವನ್ನು ಶತ್ರುವೆಂದು ಗುರುತಿಸಿದ ಟಿ-ಕೋಶಗಳು ಕೆರಳಿ ದ್ವಿಗುಣ, ಚತುರ್ಗುಣವಾಗಿ ವೃದ್ಧಿಸುತ್ತಿರುತ್ತವೆ. ಔಷಧವು ಮುಖ್ಯವಾಗಿ ಹೊಡೆಯುವುದು ಅವುಗಳನ್ನೇ. ಸುಮ್ಮನಿದ್ದ ಟಿ-ಕೋಶಗಳಲ್ಲಿ ಬಹಳಷ್ಟು ಉಳಿದು ಮುಂದೆ ಸೋಂಕನ್ನೆದುರಿಸುತ್ತವೆ. ಆಕರಕೋಶಗಳಲ್ಲಿಯೋ ಈ ಔಷಧದ ವಿಷವನ್ನು ನಿಷ್ಫಲಗೊಳಿಸುವ ಕಿಣ್ವವೇ ಸಮೃದ್ಧವಾಗಿದೆ. ನಿಸರ್ಗವು ಇಟ್ಟಿದ್ದ ಈ ರಕ್ಷೆಯನ್ನು ಕಂಡುಕೊಂಡು ಚಿಕಿತ್ಸೆಯಾಗಿಸಿದ್ದು ನಮ್ಮ ಕಾಲದ ವೈದ್ಯಶಾಸ್ತ್ರದ ಅತ್ಯಂತ ವಿವೇಕಯುತ ಕಾರ್ಯಗಳಲ್ಲೊಂದೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ವಾರ್ಡಿನಲ್ಲಿ ಆ ದಿನಗಳು ಸುಲಭದವಲ್ಲ. ರಕ್ತದ ಚೀಲದಂತೆಯೇ ಕಾಣುವ ಚೀಲದಿಂದ ಕೋಶಗಳು ನಾಳದೊಳಗಿಳಿದ ಒಂದೆರಡು ದಿನಗಳಲ್ಲಿ ಅನೇಕರಿಗೆ ಜ್ವರ ಏರುತ್ತದೆ; ಮನೆಯವರು ಗಾಬರಿಯಾಗುತ್ತಾರೆ. ಆದರೂ ವೈದ್ಯರು ಸ್ಟೀರಾಯ್ಡ್ ಕೊಡಲು ಹಿಂಜರಿಯುತ್ತಾರೆ; ಏಕೆಂದರೆ ಕೆರಳಬೇಕಾದ ಕೋಶಗಳು ಕೆರಳದೆ ಅಡಗಿಬಿಟ್ಟರೆ ಮೂರನೆಯ ದಿನದ ಔಷಧಕ್ಕೆ ಗುರಿಯೇ ಇಲ್ಲದಂತಾಗುವುದು.

ಇದರಿಂದ ಸಕಲರೂ ಗುಣಹೊಂದುವರೆಂದಲ್ಲ. ಕೆಲವರಲ್ಲಿ ಲ್ಯುಕೀಮಿಯಾ ಕೋಶಗಳು ದಾನಿಯೊಡನೆ ಹೊಂದದ ಎಚ್‌ಎಲ್‌ಎ ಕಂತೆಯನ್ನೇ ಕಳಚಿಕೊಂಡು, ದಾನಿಯ ಕೋಶಗಳ ಕಣ್ಣು ತಪ್ಪಿಸಿ ಮರಳುತ್ತವೆ. ಇದನ್ನು ಮಿಲಾನಿನ ಸಂಶೋಧಕರು 2009ರಲ್ಲಿ ತೋರಿಸಿಕೊಟ್ಟರು. ಹೆತ್ತ ಹೆಂಗಸು ರೋಗಿಯಾಗಿದ್ದರೆ, ಗರ್ಭಕಾಲದಲ್ಲಿ ಆಕೆಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಸ್ವಂತ ಮಗನ ಕೋಶಗಳನ್ನೇ ತಿರಸ್ಕರಿಸಬಹುದಾದ್ದರಿಂದ, ಮೊದಲೇ ಅದರ ಪರೀಕ್ಷೆಯಾಗಬೇಕು.

ದಾನಿಗಾಗುವ ತೊಂದರೆಯ ಬಗೆಗೆ ನಮ್ಮಲ್ಲಿ ಭಯ ಹೆಚ್ಚು. ಸಾಮಾನ್ಯವಾಗಿ ನಾಲ್ಕೈದು ದಿನ ಚುಚ್ಚುಮದ್ದು, ಮೈಕೈ ನೋವು, ಅನಂತರ ಕೆಲವು ಗಂಟೆಗಳ ಕಾಲ ಯಂತ್ರದ ಪಕ್ಕದಲ್ಲಿ ಮಲಗುವುದು; ಕೆಲವೊಮ್ಮೆ ಅರಿವಳಿಕೆ ಕೊಟ್ಟು ಸೊಂಟದ ಎಲುಬಿನಿಂದ ಮಜ್ಜೆ ತೆಗೆಯುವುದುಂಟು. ಆದುದರಿಂದ, ಒಡಹುಟ್ಟಿದವರಲ್ಲಿ ಯಾರೂ ಹೊಂದಲಿಲ್ಲವೆಂಬ ಮಾತು ಕಿವಿಗೆ ಬಿದ್ದೊಡನೆ ನಿರಾಶರಾಗದೆ, ಅರ್ಧ ಸಾಮ್ಯದ ಕಸಿ ಸಾಧ್ಯವೇ ಎಂದು ವೈದ್ಯರನ್ನು ಕೇಳಿರಿ. ತಂದೆ, ತಾಯಿ, ಪ್ರಾಯಕ್ಕೆ ಬಂದ ಮಕ್ಕಳು, ಎಲ್ಲರ ರಕ್ತವನ್ನೂ ಪರೀಕ್ಷೆಗೆ ಕೊಡಿಸಿರಿ.