ಜಿಬೂಟಿ: ಜಾಗವೇ ಬಂಡವಾಳವಾದ ದೇಶ

ಉತ್ಪಾದನಾಂಗಗಳಲ್ಲಿ ಮೊದಲನೆಯದು ಭೂಮಿ ಎಂದು ನಾವೆಲ್ಲ ಅರ್ಥಶಾಸ್ತ್ರದಲ್ಲಿ ಓದಿದ್ದೇವೆ. ಭೂಮಿ ಎಂದರೆ ಬೆಳೆ ಬೆಳೆಯುವ ಮಣ್ಣು ಎಂದಷ್ಟೇ ನಾನು ತಿಳಿದಿದ್ದೆ. ಭೂಮಿ ಇರುವ ಜಾಗಕ್ಕೂ ಬೆಲೆ ಇದೆ ಎಂಬುದು ಜಿಬೂಟಿಯ ಬಗ್ಗೆ ಓದಿದಾಗ ಚೆನ್ನಾಗಿ ಅರ್ಥವಾಯಿತು.

ಜಿಬೂಟಿ ಪೂರ್ವ ಆಫ್ರಿಕಾದ ಪುಟ್ಟ ದೇಶ. ವಿಸ್ತೀರ್ಣ ಸುಮಾರು 23,200 ಚದರ ಕಿ.ಮೀ., ಅಂದರೆ ಕರ್ನಾಟಕದ ಎಂಟನೇ ಒಂದು ಭಾಗದಷ್ಟು. ಜನಸಂಖ್ಯೆ ಸುಮಾರು 10 ಲಕ್ಷ. ಬಹುತೇಕರು ಮುಸ್ಲಿಮರು. ಸೊಮಾಲಿ ಮತ್ತು ಅಫಾರ್ ಅಲ್ಲಿನ ಜನರ ಮಾತು; ಅರೇಬಿಕ್ ಮತ್ತು ಫ್ರೆಂಚ್ ಅಧಿಕೃತ ಭಾಷೆಗಳು. 1977ರ ಜೂನ್ 27ರಂದು ಅದು ಫ್ರಾನ್ಸಿನಿಂದ ಸ್ವತಂತ್ರವಾಯಿತು. ಅಲ್ಲಿ ನದಿಗಳಿಲ್ಲ ಎಂದೇ ಹೇಳಬೇಕು, ಮಳೆ ತೀರಾ ಕಡಿಮೆ. ಉಳುಮೆಗೆ ಯೋಗ್ಯವಾದ ನೆಲ ಶೇ. 1ರಷ್ಟೂ ಇಲ್ಲ. ಆಹಾರದ ಬಹುಭಾಗ ಹೊರಗಿನಿಂದಲೇ ಬರಬೇಕು.

ಹಾಗಾದರೆ ದೇಶ ನಡೆಯುವುದು ಹೇಗೆ? ಅದರ ಎದುರಿಗೇ ಕೆಂಪು ಸಮುದ್ರದ ಬಾಗಿಲಾದ ಬಾಬ್ ಅಲ್ ಮಂದಬ್ ಜಲಸಂಧಿ ಇದೆ. ಏಷ್ಯಾದಿಂದ ಸೂಯೆಜ್ ಕಾಲುವೆಯ ಮೂಲಕ ಯುರೋಪಿಗೆ ಹೋಗುವ ಹಡಗುಗಳು ಸುಮಾರು 30 ಕಿ.ಮೀ. ಅಗಲದ ಈ ದಾರಿಯನ್ನೇ ಹಿಡಿಯಬೇಕು. ಇದನ್ನು ಕಾಯಲು ದೊಡ್ಡ ರಾಷ್ಟ್ರಗಳು ಜಿಬೂಟಿಯಲ್ಲಿ ಜಾಗ ಕೇಳುತ್ತವೆ. ಫ್ರಾನ್ಸ್, ಅಮೆರಿಕ, ಇಟಲಿ, ಜಪಾನ್ ದೇಶಗಳ ಸೇನಾ ನೆಲೆಗಳು ಅಲ್ಲಿವೆ. 2017ರಲ್ಲಿ ಚೀನಾ ತನ್ನ ಮೊದಲ ವಿದೇಶಿ ಸೇನಾ ನೆಲೆಯನ್ನು ತೆರೆದದ್ದೂ ಅಲ್ಲಿಯೇ. ಪರಸ್ಪರ ಅನುಮಾನದಿಂದ ನೋಡುವ ಅಮೆರಿಕ ಮತ್ತು ಚೀನಾ ಎರಡೂ ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದಂತೆ!

ಎರಡನೆಯ ಆದಾಯ ಇಥಿಯೋಪಿಯಾದಿಂದ. ನಮ್ಮ ಪ್ರವಾದಿಯವರ (ಸ) ಕಾಲದಲ್ಲಿ ಮುಸ್ಲಿಮರಿಗೆ ಆಶ್ರಯ ಕೊಟ್ಟ ಹಬಶಾ ಎಂದರೆ ಈ ಪ್ರದೇಶವೇ. 1993ರಲ್ಲಿ ಎರಿಟ್ರಿಯಾ ಬೇರೆಯಾದಾಗ ಇಥಿಯೋಪಿಯಾ ಕರಾವಳಿಯನ್ನು ಕಳೆದುಕೊಂಡಿತು. 1998ರಲ್ಲಿ ಇಬ್ಬರ ನಡುವೆ ಯುದ್ಧವಾದ ಮೇಲೆ ಅದರ ವ್ಯಾಪಾರದ ಬಹುಪಾಲು ಜಿಬೂಟಿ ಬಂದರಿನತ್ತ ತಿರುಗಿತು. ಚೀನಾದ ಸಾಲದಿಂದ ಅಡಿಸ್ ಅಬಾಬಾಗೆ ಸುಮಾರು 750 ಕಿ.ಮೀ. ಉದ್ದದ ವಿದ್ಯುತ್ ರೈಲುಮಾರ್ಗವೂ ಬಂತು.

ಭಾರತಕ್ಕೂ ಈ ಬಂದರು ಆಪತ್ಕಾಲದಲ್ಲಿ ನೆರವಾಗಿದೆ. 2015ರ ಯೆಮೆನ್ ಯುದ್ಧದಲ್ಲಿ ‘ಆಪರೇಷನ್ ರಾಹತ್’ ನಡೆದಾಗ, ನಮ್ಮ ನೌಕಾಪಡೆಯ ಹಡಗುಗಳು ಭಾರತೀಯರನ್ನು ಮೊದಲು ಜಿಬೂಟಿಗೆ ತಂದವು. ಅಲ್ಲಿಂದ ವಿಮಾನದಲ್ಲಿ ಊರಿಗೆ ಕಳುಹಿಸಲಾಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ಯುರೋಪಿಗೆ ಹೋಗುವುದೂ ಇದೇ ಜಲಸಂಧಿಯ ಮೂಲಕ. 2023ರ ಕೊನೆಯಲ್ಲಿ ಹೌತಿಗಳು ಹಡಗುಗಳ ಮೇಲೆ ದಾಳಿ ಆರಂಭಿಸಿದ ಮೇಲೆ ಅನೇಕ ಹಡಗುಗಳು ಆಫ್ರಿಕಾವನ್ನು ಸುತ್ತಿ ಹೋಗಬೇಕಾಯಿತು. ಸಾಗಣೆ ವೆಚ್ಚವೂ ಏರಿತು.

ಆದರೆ ಬಾಡಿಗೆಯ ಆದಾಯಕ್ಕೆ ಮಿತಿಯಿದೆ. ಬಂದರಿನಲ್ಲಿ ಕ್ರೇನ್‌ಗಳು ಹೆಚ್ಚು, ಕೆಲಸಗಾರರು ಕಡಿಮೆ. ಸೇನಾ ನೆಲೆಯೊಳಗೆ ಸ್ಥಳೀಯರಿಗೆ ಸಿಗುವ ಉದ್ಯೋಗವೂ ಸ್ವಲ್ಪವೇ. ಹೀಗಾಗಿ ಸರಕಾರಕ್ಕೆ ಹಣ ಬಂದರೂ ಯುವಕರಲ್ಲಿ ನಿರುದ್ಯೋಗ ತೀವ್ರವಾಗಿದೆ. ಸಾಲದ ಹೊರೆಯೂ ಇದೆ. ಇಥಿಯೋಪಿಯಾ 2024ರ ಜನವರಿಯಲ್ಲಿ ಸೊಮಾಲಿಲ್ಯಾಂಡ್ ಜೊತೆ ಸಮುದ್ರದ ದಾರಿಗಾಗಿ ಒಪ್ಪಂದ ಪತ್ರಕ್ಕೆ ಸಹಿ ಹಾಕಿದಾಗ ಜಿಬೂಟಿಗೆ ಆತಂಕವಾದದ್ದು ಸಹಜ. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದ ಅಂಗಡಿಯ ಪಾಡು ಅದು.

ಜಾಗ ಅಲ್ಲಾಹನ ಕೊಡುಗೆ. ಅದನ್ನು ಯಾರೂ ದುಡಿದು ಗಳಿಸಿಲ್ಲ. ಆ ಬಾಡಿಗೆಯ ಹಣ ಶಾಲೆ, ನೀರು, ಕೌಶಲ ತರಬೇತಿಗೆ ತಲುಪಿದರೆ ಮಾತ್ರ ದೇಶ ನಿಜವಾಗಿ ಬೆಳೆಯುತ್ತದೆ ಎಂದು ನನಗೆ ಅನಿಸುತ್ತದೆ. ಗೆಳೆಯರೇ, ಇನ್ನು ಮುಂದೆ ಒಂದು ದೇಶದ ಜಿಡಿಪಿ ನೋಡುವಾಗ, ಆ ಹಣ ಎಷ್ಟು ಮಂದಿಯ ಕೈ ತಲುಪುತ್ತದೆ ಎಂಬ ಪ್ರಶ್ನೆಯನ್ನೂ ಕೇಳೋಣ.