ಪಂಚ್ ಸೂಜಿ ಕಸೂತಿಗೆ ಬಟ್ಟೆ ಮತ್ತು ದಾರದ ಆಯ್ಕೆ

ರೈತ ಮಹಿಳೆಯರು ಬಿಡುವಿನ ವೇಳೆಯಲ್ಲಿ ಕೈಗೊಳ್ಳಬಹುದಾದ ಕೆಲಸಗಳಲ್ಲಿ ಪಂಚ್ ಸೂಜಿ ಕಸೂತಿಯೂ ಒಂದು. ದಿಂಬಿನ ಗವಸು, ಕೈಚೀಲ, ಗೋಡೆಯ ಅಲಂಕಾರಗಳನ್ನು ಇದರಿಂದ ಸಿದ್ಧಪಡಿಸಬಹುದು. ಆದರೆ ಬಟ್ಟೆ ಮತ್ತು ದಾರದ ಆಯ್ಕೆಯಲ್ಲಿ ತಪ್ಪಿದರೆ ಹಲವು ದಿನಗಳ ದುಡಿಮೆ ಒಂದೇ ಒಗೆತಕ್ಕೆ ಹಾಳಾಗುತ್ತದೆ. ಆದ್ದರಿಂದ ಮತ್ತಿಕೆರೆಯಲ್ಲಾಗಲಿ, ಯಲಹಂಕದಲ್ಲಾಗಲಿ ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಕೆಳಗಿನ ಅಂಶಗಳನ್ನು ಗಮನಿಸಿರಿ.

ಕುಣಿಕೆ ನಿಲ್ಲುವುದು ಹೇಗೆ?

ಈ ಸೂಜಿ ಟೊಳ್ಳಾಗಿರುತ್ತದೆ. ದಾರ ಅದರೊಳಗಿನಿಂದ ಹಾಯುತ್ತದೆ. ಬಟ್ಟೆಯ ಹಿಂಬದಿಯಿಂದ ಚುಚ್ಚಿದಾಗ ಮುಂಬದಿಯಲ್ಲಿ ಕುಣಿಕೆಗಳು ಏಳುತ್ತವೆ. ಧಾರವಾಡದ ಕಡೆಯ ಕಸೂತಿಯಲ್ಲಿಯೂ ಗಂಟು ಹಾಕುವುದಿಲ್ಲ. ಆದರೆ ಅಲ್ಲಿ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ದಾರ ಹೋದ ದಾರಿಯಲ್ಲೇ ಹಿಂದಿರುಗಿ ಭದ್ರವಾಗುತ್ತದೆ. ಇಲ್ಲಿ ಕುಣಿಕೆಯನ್ನು ಹಿಡಿದಿಡುವುದು ನೇಯ್ಗೆಯ ಬಿಗಿ ಮಾತ್ರ. ಸೂಜಿ ಹೊರಬಂದೊಡನೆ ಬಟ್ಟೆಯ ಎಳೆಗಳು ಮತ್ತೆ ಕೂಡಿಕೊಳ್ಳಬೇಕು.

ಬಟ್ಟೆ

1. ಸಣ್ಣ ಸೂಜಿಗೆ ಒತ್ತಾಗಿ ನೇಯ್ದ, ಗಟ್ಟಿಯಾದ ಹತ್ತಿ ಅಥವಾ ಹತ್ತಿ-ಪಾಲಿಯೆಸ್ಟರ್ ಮಿಶ್ರ ಬಟ್ಟೆ ಸೂಕ್ತ.

2. ಉಣ್ಣೆ ದಾರದ ದಪ್ಪ ಸೂಜಿಗೆ ಜೋಡಿ ಎಳೆಗಳಲ್ಲಿ ನೇಯ್ದ ಮೆತ್ತನೆಯ ದಪ್ಪ ಹತ್ತಿ ಬಟ್ಟೆ ಬೇಕು. ಅಂಗುಲಕ್ಕೆ 12ರಿಂದ 14 ಜೋಡಿ ಇದ್ದರೆ ಉತ್ತಮ.

3. ತೆಳುವಾದ ವಾಯಿಲ್, ಮಲ್ ಬಟ್ಟೆಗಳು ಹರಿಯುತ್ತವೆ. ಬನಿಯನ್ ಬಟ್ಟೆ ಹಿಗ್ಗುತ್ತದೆ. ಸಡಿಲ ನೇಯ್ಗೆಯ ಗೋಣಿ ಬಟ್ಟೆಯಲ್ಲಿ ಸಣ್ಣ ಕುಣಿಕೆ ನಿಲ್ಲುವುದಿಲ್ಲ.

ಒಗೆಯಬೇಕಾದ ವಸ್ತುವಾದರೆ ಕೊಂಡ ಬಟ್ಟೆಯನ್ನು ಮೊದಲೇ ನೆನೆಸಿ ಒಗೆದು ಒಣಗಿಸಿರಿ. ಗಂಜಿ ಹೋಗುತ್ತದೆ, ಬಟ್ಟೆ ಮುದುಡುವುದಿದ್ದರೆ ಆಗಲೇ ಮುದುಡುತ್ತದೆ.

ದಾರ

ಕಸೂತಿ ದಾರದ ಲಡಿಯಲ್ಲಿ ಸಾಮಾನ್ಯವಾಗಿ 6 ಎಳೆಗಳಿರುತ್ತವೆ. ಸೂಜಿಯ ಗಾತ್ರಕ್ಕೆ ತಕ್ಕಂತೆ 1, 3 ಅಥವಾ 6 ಎಳೆ ಬಳಸಬೇಕು. ದಾರ ಸೂಜಿಯೊಳಗೆ ತಡೆಯಿಲ್ಲದೆ ಸರಿಯಬೇಕು. ಬಿಗಿಯಾದರೆ ಕುಣಿಕೆ ಏಳದು; ತೀರ ಸಪೂರವಾದರೆ ಕಳಚಿಕೊಳ್ಳುತ್ತದೆ. ಕೆಂಪು, ಕಡುನೀಲಿ ದಾರಗಳ ತುಂಡನ್ನು ಒದ್ದೆಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿರಿ. ಬಣ್ಣ ಬಿಟ್ಟರೆ ಆ ದಾರ ಬೇಡ.

ಮೊದಲು ಪರೀಕ್ಷೆ

ಪೂರ್ತಿ ಬಟ್ಟೆ ಕೊಳ್ಳುವ ಮೊದಲು ಕಾಲು ಮೀಟರ್ ತಂದು, ಫ್ರೇಮಿನಲ್ಲಿ ತಮಟೆಯಂತೆ ಬಿಗಿಯಾಗಿ ಎಳೆದು, 5 ಸೆಂ.ಮೀ. ಚೌಕದಷ್ಟು ಚುಚ್ಚಿರಿ. ಫ್ರೇಮು ಬಿಚ್ಚಿ, ಒಗೆದು, ಒಣಗಿಸಿ ನೋಡಿರಿ. ಕುಣಿಕೆಗಳು ಸಮನಾಗಿ ನಿಂತಿದ್ದರೆ ಉಳಿದ ಬಟ್ಟೆ ಕೊಳ್ಳಿರಿ. ಮಾರಾಟಕ್ಕೆ ಮಾಡುವವರು ಈ ಪರೀಕ್ಷೆಯನ್ನು ಎಂದೂ ಬಿಡಬಾರದು. ಒಮ್ಮೆ ಕುಣಿಕೆ ಕಿತ್ತುಬಂದ ಚೀಲ ಕೊಂಡವರು ಮತ್ತೆ ನಿಮ್ಮಲ್ಲಿಗೆ ಬರುವುದಿಲ್ಲ.