ನಾವು ಮತ ನೀಡದವರಿಗಾಗಿಯೂ ಪ್ರಾರ್ಥನೆ

ಮತ ಎಣಿಕೆ ಮುಗಿದು ನೂತನ ಸರಕಾರ ಪ್ರಮಾಣವಚನ ಸ್ವೀಕರಿಸಿದ ಬಳಿಕವೂ ಭಾನುವಾರದ ಬಲಿಪೂಜೆಯಲ್ಲಿ ನಾಡನ್ನಾಳುವವರಿಗಾಗಿ ಬಿನ್ನಹ ಕೇಳಿಬರುತ್ತದೆ. ಗೆದ್ದವರ ಪಕ್ಷದವರು ಉತ್ಸಾಹದಿಂದ ದನಿಗೂಡಿಸುತ್ತಾರೆ. ಸೋತವರಿಗೆ ಮತವಿತ್ತವರ ನಾಲಗೆ ತುಸು ತಡವರಿಸುವುದು ಸಹಜ. ‘ನಾವು ಬೇಡವೆಂದವರಿಗಾಗಿ ದೇವರಲ್ಲಿ ಬೇಡುವುದೇಕೆ?’ ಎಂದು ಮನೆಯ ಮಕ್ಕಳು ಕೇಳಿದರೆ ಹೆತ್ತವರು ಏನೆಂದು ಉತ್ತರಿಸಬೇಕು?

ಆಳುವವರಿಗೆ ಗೌರವವನ್ನೂ ತೆರಿಗೆಯನ್ನೂ ಸಲ್ಲಿಸಬೇಕೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯದಲ್ಲಿ ಬೋಧಿಸಿದ್ದಾರೆ. ಆಗ ಸಿಂಹಾಸನದಲ್ಲಿದ್ದವನು ನೀರೋ ಚಕ್ರವರ್ತಿ. ಅವನನ್ನು ರೋಮಿನ ಕ್ರೈಸ್ತರು ಆರಿಸಿರಲಿಲ್ಲ. ಅವನ ಆಳ್ವಿಕೆಯಲ್ಲೇ ಪೌಲರು ರಕ್ತಸಾಕ್ಷಿಯಾದರೆಂಬುದು ಧರ್ಮಸಭೆಯ ಪರಂಪರೆ. ಹೀಗಾಗಿ ಇಲ್ಲಿ ಹೇಳಿರುವ ಗೌರವ ಮೆಚ್ಚುಗೆಯಲ್ಲ, ಸ್ತುತಿಯಂತೂ ಅಲ್ಲವೇ ಅಲ್ಲ. ಫಲಿತಾಂಶ ಬಂದ ಕೂಡಲೇ ಗೆದ್ದವರ ಕೊರಳಿಗೆ ಹಾರ ಹಾಕಲು ಧಾವಿಸುವ ನಮ್ಮವರು ಇದನ್ನು ಗಮನಿಸಿದರೆ ಒಳಿತು.

ಈ ಗೌರವಕ್ಕೆ ಮಿತಿಯುಂಟೇ? ಉಂಟೆಂಬುದಕ್ಕೆ ಕಥೋಲಿಕರೇ ಬಹುಸಂಖ್ಯಾತರಾಗಿರುವ ಫಿಲಿಪ್ಪೀನ್ಸ್ ಸಾಕ್ಷಿ. ಅಲ್ಲಿ 1986ರ ಫೆಬ್ರುವರಿ 7ರಂದು ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಹಾಗೂ ಕೊರಾಜೋನ್ ಅಕ್ವಿನೋ ಅವರ ನಡುವೆ ಚುನಾವಣೆ ನಡೆಯಿತು. ಲೆಕ್ಕ ತಿದ್ದಲಾಗುತ್ತಿದೆಯೆಂದು ಗಣಕಯಂತ್ರದ ಸಿಬ್ಬಂದಿಯೇ ಎಣಿಕೆಯ ಕೇಂದ್ರದಿಂದ ಎದ್ದು ಹೊರನಡೆದರು. ವಾರ ಕಳೆಯುವಷ್ಟರಲ್ಲಿ ಆ ದೇಶದ ಧರ್ಮಾಧ್ಯಕ್ಷರ ಮಂಡಳಿ ಹೇಳಿಕೆ ಹೊರಡಿಸಿತು. ಮತದಾರರ ಹೆಸರುಗಳನ್ನು ಕಿತ್ತುಹಾಕಿದ್ದು, ಮತ ಖರೀದಿ, ಲೆಕ್ಕಪಟ್ಟಿಗಳ ತಿದ್ದುವಿಕೆ, ಬೆದರಿಕೆ ಇವುಗಳನ್ನು ಅದು ಬಿಡಿಬಿಡಿಯಾಗಿ ಹೆಸರಿಸಿತು. ವಂಚನೆಯಿಂದ ಪಡೆದ ಅಧಿಕಾರಕ್ಕೆ ನೈತಿಕ ತಳಹದಿಯಿಲ್ಲವೆಂದು ಘೋಷಿಸಿತು. ಆದರೂ ಆಯುಧ ಹಿಡಿಯಿರೆನ್ನಲಿಲ್ಲ; ಅಹಿಂಸೆಯ ಹಾದಿಯನ್ನೇ ಸೂಚಿಸಿತು. ಫೆಬ್ರುವರಿ 22ರಂದು ಕಾರ್ಡಿನಲ್ ಹೈಮೆ ಸಿನ್ ಅವರು ರೇಡಿಯೋ ವೆರಿತಾಸ್ ಮೂಲಕ ಕರೆ ನೀಡಿದಾಗ ಮನಿಲಾದ ಹೆದ್ದಾರಿಗೆ ಜನಸಾಗರವೇ ಹರಿದುಬಂತು. ಜಪಮಾಲೆ ಹಿಡಿದ ಕನ್ಯಾಸ್ತ್ರೀಯರು ಯುದ್ಧ ಟ್ಯಾಂಕುಗಳೆದುರು ಮೊಣಕಾಲೂರಿದರು. 25ರಂದು ಅಕ್ವಿನೋ ಪ್ರಮಾಣವಚನ ಸ್ವೀಕರಿಸಿದರು. ಮಾರ್ಕೋಸ್ ದೇಶ ತೊರೆದರು.

ಅಲ್ಲಿನ ಭಕ್ತರಿಗೆ ಇದಕ್ಕಿಂತಲೂ ಕಠಿಣವಾದ ಪರೀಕ್ಷೆ 36 ವರ್ಷಗಳ ನಂತರ ಬಂದಿತೆನ್ನಬಹುದು. 2022ರ ಮೇ 9ರ ಚುನಾವಣೆಯಲ್ಲಿ ಅದೇ ಮಾರ್ಕೋಸರ ಪುತ್ರ 3 ಕೋಟಿಗೂ ಮಿಕ್ಕಿ ಮತ ಪಡೆದು ಗೆದ್ದರು. ಅನೇಕ ಗುರುಗಳು ಹಾಗೂ ಧರ್ಮಭಗಿನಿಯರು ಬಹಿರಂಗವಾಗಿ ಬೆಂಬಲಿಸಿದ್ದ ಲೆನಿ ರೊಬ್ರೆಡೋ ಅದರ ಅರ್ಧದಷ್ಟು ಮತವನ್ನೂ ಪಡೆಯಲಿಲ್ಲ. ಕಣ್ಣೀರು ಹರಿದಿರಬೇಕು. ಆದರೆ ತಮ್ಮ ಅಭ್ಯರ್ಥಿ ಸೋತ ಮಾತ್ರಕ್ಕೆ ಸರಕಾರಕ್ಕೆ ನೈತಿಕ ತಳಹದಿಯಿಲ್ಲವೆನ್ನಲು ಬರುವುದಿಲ್ಲ. 1986ರಲ್ಲಿ ಧರ್ಮಾಧ್ಯಕ್ಷರು ಆಕ್ಷೇಪಿಸಿದ್ದು ಜನರ ತೀರ್ಪನ್ನಲ್ಲ, ಆ ತೀರ್ಪಿನ ಕಳವನ್ನು.

ಕರ್ನಾಟಕದಲ್ಲಿ ನಮ್ಮ ಸ್ಥಿತಿ ಬೇರೆ. 2011ರ ಜನಗಣತಿಯಂತೆ ಇಲ್ಲಿ ಕ್ರೈಸ್ತರು ಶೇಕಡ 1.87 ಮಾತ್ರ. ಸಣ್ಣ ಸಮುದಾಯಕ್ಕೆ ಅಂಜಿಕೆ ಹೆಚ್ಚು. ಅಂಜಿಕೆಯು ವಿಧೇಯತೆಯ ವೇಷ ತೊಡುವುದೂ ಉಂಟು. ಕಥೋಲಿಕ ಧರ್ಮೋಪದೇಶವಾದರೋ ಮತದಾನ ಮಾಡುವುದನ್ನೂ ತೆರಿಗೆ ತೆರುವುದನ್ನೂ ನೈತಿಕ ಕರ್ತವ್ಯವೆಂದೇ ಎಣಿಸುತ್ತದೆ. ಅಧಿಕಾರಿಗಳ ಆಜ್ಞೆ ನೀತಿಗೆ ವಿರುದ್ಧವಾದಾಗ ಮನಸ್ಸಾಕ್ಷಿಯಂತೆ ಅದನ್ನು ನಿರಾಕರಿಸಬೇಕೆಂದೂ ಅದೇ ಉಸಿರಿನಲ್ಲಿ ವಿಧಿಸುತ್ತದೆ. ಆದ್ದರಿಂದ ಅನ್ಯಾಯ ಕಂಡಾಗ ಮನವಿ ಸಲ್ಲಿಸುವ, ನ್ಯಾಯಾಲಯದ ಮೆಟ್ಟಿಲೇರುವ ಕ್ರೈಸ್ತನು ಸರಕಾರಕ್ಕೆ ಅಗೌರವ ತೋರಿದವನಲ್ಲ.

ಮಕ್ಕಳ ಪ್ರಶ್ನೆಗೆ ಶುಭ ಶುಕ್ರವಾರದ ಆರಾಧನಾವಿಧಿಯನ್ನು ತೋರಿಸಬಹುದು. ಅಂದಿನ ದೀರ್ಘ ಬಿನ್ನಹಗಳಲ್ಲಿ ಒಂದು ಲೋಕಾಧಿಕಾರಿಗಳಿಗಾಗಿ ಮೀಸಲು. ಅದರಲ್ಲಿ ಯಾವ ಪಕ್ಷದ ಹೆಸರೂ ಇಲ್ಲ. 1986ರ ಮಾರ್ಚ್ 28ರಂದು ಮನಿಲಾದಲ್ಲಿ ಆ ಬಿನ್ನಹ ಅಕ್ವಿನೋ ಅವರಿಗೆ ಸಂದಿತು. 2023ರಲ್ಲಿ ಮಾರ್ಕೋಸರ ಪುತ್ರನಿಗೆ.